ಸದ್ದಡಗಿದ ಗೂಗಿಗುಡ್ಡ

ಗೂಗಿಗುಡ್ಡದ ಮರಗಳು ಸದ್ದು ಮಾಡುವುದನ್ನು ನಿಲ್ಲಿಸಿ ಮೂರು ವರ್ಷಗಳಾಗಿದ್ದವು. ವಿಶ್ವವಿದ್ಯಾಲಯದ ಅರಣ್ಯ ವಿಭಾಗದಲ್ಲಿ ಎಲ್ಲರೂ ಅದನ್ನು ಗೆಲುವೆಂದೇ ಎಣಿಸಿದ್ದರು.

ಬಾಯಾರಿದ ಮರದೊಳಗೆ ಸದ್ದಾಗುತ್ತದೆ. ಬೇರಿನಿಂದ ಎಲೆಯವರೆಗೆ ನೀರೆಳೆಯುವ ಕೂದಲೆಳೆಯಂಥ ನಾಳಗಳಿವೆ. ನೆಲದಲ್ಲಿ ಪಸೆ ಆರಿದಾಗ ಮೇಲಿನಿಂದ ಎಲೆ ಜಗ್ಗುತ್ತದೆ, ಕೆಳಗಿನಿಂದ ನೆಲ ಕೊಡುವುದಿಲ್ಲ. ನಡುವಿನ ನೀರಿನ ಎಳೆ ತುಂಡಾಗಿ ಅಲ್ಲೊಂದು ಗಾಳಿಗುಳ್ಳೆ ಬಂದು ಕೂರುತ್ತದೆ. ಆ ನಾಳದ ಕೆಲಸ ಅಲ್ಲಿಗೆ ಮುಗಿಯಿತು. ತುಂಡಾಗುವಾಗಿನ ಚಿಟ್ಟೆನ್ನುವ ಸದ್ದು ಮನುಷ್ಯರ ಕಿವಿಗೆ ನಿಲುಕುವಂಥದಲ್ಲ. ಡಾ. ವಿದ್ಯಾಧರ ಕಟಗೇರಿ ಅದನ್ನು ಹಿಡಿಯುವ ಸೂಜಿಯೊಂದನ್ನು ಮಾಡಿದರು. ಕಾಂಡಕ್ಕೆ ಚುಚ್ಚಿದ ಆ ಸೂಜಿ ತಾನು ಕೇಳಿದ್ದನ್ನು ವಿಭಾಗದ ಆಲಿಕೆ ಕೋಣೆಗೆ ಕಳಿಸುತ್ತಿತ್ತು. ಕೋಣೆಯ ಸ್ಪೀಕರುಗಳಲ್ಲಿ ಅದು ಒಗ್ಗರಣೆಯ ಸಾಸಿವೆ ಸಿಡಿದಂತೆ ಕೇಳಿಸುತ್ತಿತ್ತು.

ಮಳೆ ನೆಚ್ಚಿಕೆ ಕಳೆದುಕೊಂಡು, ಎಲ್ಲ ಕಾಡನ್ನೂ ಕಾಯುವುದು ಇನ್ನು ಆಗದ ಮಾತು ಎಂದು ಸರ್ಕಾರ ಕೈಚೆಲ್ಲಿದ್ದ ಕಾಲವದು. ಸೂಜಿಗಳು ಕೇಳಿದ ಸದ್ದಿನ ಮೇಲೆ ಪ್ರತಿ ಕಾಡಿಗೂ ಒಂದು ಆರೋಗ್ಯಾಂಕ ಕೊಡಲಾಗುತ್ತಿತ್ತು. ಸದ್ದು ಕಡಿಮೆಯಾದಷ್ಟೂ ಅಂಕ ಹೆಚ್ಚು. ಅದು ಸರ್ಕಾರ ಎಳೆದ ಗೆರೆಗಿಂತ ಮೇಲಿದ್ದರೆ ಬೆಂಕಿ ಕಾವಲು, ನೀರಿನ ಟ್ಯಾಂಕರು, ಸಿಬ್ಬಂದಿ ಎಲ್ಲ ಇರುತ್ತಿದ್ದವು. ಕೆಳಗಿಳಿದರೆ ಅದು ಕೈಬಿಟ್ಟ ಕಾಡು. ಬೇಲಿ ಕಿತ್ತು, ಒಂದೆರಡು ವರ್ಷ ಬಿಟ್ಟು ಸೌರಫಲಕ ಹೂಡುವವರಿಗೆ ಕೊಡುತ್ತಿದ್ದರು. ಕಣ್ಣೆದುರಿಗೆ ಒಂದೊಂದೇ ಕಾಡು ಹೋಗುವುದನ್ನು ತಾಳಲಾರದೆ ಕಟಗೇರಿಯವರು 'ಶಾಮಕ'ವನ್ನು ಕಂಡುಹಿಡಿದರು. ಬರದಲ್ಲಿ ಮರ ತನ್ನೊಳಗೆ ತಾನೇ ಒಂದು ರಸವನ್ನು ಮಾಡಿಕೊಂಡು, ಎಲೆಗಳ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ನೀರು ಆವಿಯಾಗದಂತೆ ನೋಡಿಕೊಳ್ಳುತ್ತದೆ. ಆ ರಸವನ್ನೇ ಅವರು ಪ್ರಯೋಗಾಲಯದಲ್ಲಿ ತಯಾರಿಸಿ ಡ್ರೋನುಗಳಿಂದ ಕಾಡಿನ ಮೇಲೆ ಸಿಂಪಡಿಸಿದರು. ರಂಧ್ರಗಳು ಮುಚ್ಚಿದವು, ನಾಳ ತುಂಡಾಗುವುದು ನಿಂತಿತು, ಸದ್ದಡಗಿತು. ಅಂಕ ಮೇಲೇರಿತು.

ಆಲಿಕೆ ಕೋಣೆಯಲ್ಲಿ ಗೂಗಿಗುಡ್ಡದ ಪರದೆಯ ಮುಂದೆ ಕೂರುತ್ತಿದ್ದವಳು ದಾನೇಶ್ವರಿ. ನಲವತ್ತು ದಾಟಿದ ಹೆಂಗಸು. ಆ ಗುಡ್ಡದ ಸುತ್ತಲೇ ಉಪ ವಲಯ ಅರಣ್ಯಾಧಿಕಾರಿಯಾಗಿ ಓಡಾಡಿ, ಇಲಾಖೆಯ ರಜೆಯ ಮೇಲೆ ಓದಲು ಬಂದವಳು. ಒಣ ಕಾಡಿನ ಸುಸ್ಥಿರ ನಿರ್ವಹಣೆ ಅವಳ ಸಂಶೋಧನೆಯ ವಿಷಯ. ಬಂದಾಗ ಇದ್ದ ಹುರುಪು ಎಂದೋ ಇಳಿದಿತ್ತು. ಸದ್ದಿಲ್ಲದ ಪರದೆಯನ್ನು ನೋಡುತ್ತ ಕೂರುವುದು, ಏನೂ ಆಗಲಿಲ್ಲ ಎಂದು ದಾಖಲಿಸುವುದು, ಕಿರಿಯರ ಪ್ರಾಯೋಗಿಕ ತರಗತಿ ನೋಡಿಕೊಳ್ಳುವುದು, ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ ರೊಟ್ಟಿ ಬಡಿಯುವುದು. ಮೊಣಕಾಲು ನೋವು ಬೇರೆ.

ಮನೆಯಲ್ಲಿ ಅತ್ತೆ ಬಸಲಿಂಗವ್ವ ಇದ್ದಳು. ಗಂಡ ಫಕೀರಪ್ಪ ಗೂಗಿಗುಡ್ಡದಲ್ಲೇ ಗುತ್ತಿಗೆಯ ಬೆಂಕಿ ಕಾವಲುಗಾರ. ವಾರಕ್ಕೊಮ್ಮೆ ಬಟ್ಟೆಗೆಲ್ಲ ಹೊಗೆಯ ವಾಸನೆ ಹೊತ್ತು ಮನೆಗೆ ಬರುತ್ತಿದ್ದ. ಹಿಂದೊಮ್ಮೆ ಕಾಳ್ಗಿಚ್ಚು ಬಡಿಯುವಾಗ ಅವನ ಎಡಗಾಲು ಸುಟ್ಟು, ಈಗಲೂ ಸ್ವಲ್ಪ ಎಳೆದು ನಡೆಯುತ್ತಿದ್ದ.

"ಗುಡ್ಡ ಹೆಂಗೈತಿ?" ಎಂದು ಅವಳು ಕೇಳುವಳು.

"ನೀನ ಕೇಳಾಕತ್ತೀಯಲ್ಲ, ನಿನಗ ಗೊತ್ತಿರಬೇಕು," ಎಂದು ಅವನು ನಗುವನು. "ಹಸರೈತಿ. ಸುತ್ತಮುತ್ತ ಎಲ್ಲಾ ಬೋಳಾದ್ರೂ ನಮ್ಮದು ಹಸರೈತಿ."

ದೀಪಾವಳಿಗೆ ಮುಂಚಿನ ಒಂದು ಬೆಳಿಗ್ಗೆ ಕಿರಿಯರಿಗೆ ಅವಳು ಒಂದು ಸಾದಾ ಪ್ರಯೋಗ ತೋರಿಸಬೇಕಿತ್ತು. ಮಳೆಗಾಲದಲ್ಲಿ ಎಲೆಗಳು ತಯಾರಿಸಿದ ಆಹಾರವನ್ನು ಮರ ಕಾಂಡದಲ್ಲಿ ಪಿಷ್ಟವಾಗಿ ಕೂಡಿಟ್ಟುಕೊಳ್ಳುತ್ತದೆ. ಎಲೆ ಉದುರಿದ ಮೇಲೆ ಹೊಸ ಚಿಗುರು ಬರುವುದು ಆ ಕೂಡಿಟ್ಟದ್ದರಿಂದಲೇ. ಅಯೋಡಿನ್ ಹನಿಸಿದರೆ ಪಿಷ್ಟವಿದ್ದ ಕಡೆ ಕಟ್ಟಿಗೆ ಕಡುನೀಲಿಯಾಗುತ್ತದೆ. ಅವಳು ಆವರಣದ ಬೇವಿನ ಮರಕ್ಕೆ ಟೊಳ್ಳು ಬೈರಿಗೆ ತಿರುವಿ, ಪೆನ್ಸಿಲಿನಂಥ ಒಂದು ಕಟ್ಟಿಗೆ ತುಂಡು ತೆಗೆದು ಹನಿ ಹಾಕಿದಳು. ನೀಲಿ ಹತ್ತಿ ನೋಡನೋಡುತ್ತಿದ್ದಂತೆ ಕಪ್ಪಾಯಿತು. ಜತೆಗಿಟ್ಟು ತೋರಿಸಲು ಎಂದು, ಹಿಂದಿನ ದಿನ ಬೇರೊಂದು ಕೆಲಸಕ್ಕೆ ಗೂಗಿಗುಡ್ಡದಿಂದ ತಂದಿದ್ದ ದಿಂಡಿಗ ಮರದ ತುಂಡುಗಳ ಮೇಲೂ ಹಾಕಿದಳು.

ಅವು ಹಳದಿಯಾಗೇ ಉಳಿದವು.

ತರಗತಿಯವರು ಕಾದರು. ಅವಳೂ ಕಾದಳು. "ಬಾಟಲಿ ಹಳೇದಾಗಿರಬೇಕು, ನಾಳೆ ನೋಡೋಣ," ಎಂದು ಹೇಳಿ ಅವರನ್ನು ಕಳಿಸಿದಳು. ಹಳೆಯ ಬಾಟಲಿಯಾದರೆ ಬೇವು ಹೇಗೆ ಕಪ್ಪಾದೀತು ಎಂಬುದು ಅವಳಿಗೆ ಗೊತ್ತಿತ್ತು. ಕಪಾಟಿನಿಂದ ಹೊಸ ಬಾಟಲಿ ಒಡೆದು ಮತ್ತೆ ಹಾಕಿದಳು. ಗುಡ್ಡದಿಂದಲೇ ತಂದಿದ್ದ ತೇಗದ ತುಂಡುಗಳಿಗೂ ಹಾಕಿದಳು. ತುದಿಯಲ್ಲೆಲ್ಲೋ ನೀಲಿಯ ಸಣ್ಣ ಗೀರು ಬಿಟ್ಟರೆ ಎಲ್ಲ ಹಳದಿಯೇ. ಸ್ಟೂಲಿನ ಮೇಲೆ ಕುಳಿತಳು. ಅಚ್ಚರಿಗಿಂತ ಮೊದಲು ಬಂದದ್ದು ದಣಿವು. ಇನ್ನು ಇದನ್ನು ಯಾರಿಗೆ, ಹೇಗೆ ಹೇಳಲಿ ಎಂಬ ದಣಿವು.

ಕಟಗೇರಿಯವರ ಕೋಣೆಗೆ ತಟ್ಟೆಯನ್ನೇ ಒಯ್ದಳು. ನಿವೃತ್ತಿ ಹತ್ತಿರವಿದ್ದ ಆ ಮನುಷ್ಯ ಕನ್ನಡಕ ಹಣೆಗೇರಿಸಿ, ತುಂಡುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಅಯೋಡಿನ್ ಹಳೇದಿರಬೇಕು."

"ಹೊಸಾ ಬಾಟಲಿ ಸರ್. ಬೇವಿಂದು ಅದರಾಗ ಕಪ್ಪಾತು."

"ಗುಡ್ಡ ಹಸಿರೇ ಅದ ಅಲ್ಲ ದಾನೇಶ್ವರಿ ಅವರ? ಹೋದ ತಿಂಗಳು ನಾನ ನೋಡೇನಿ."

"ಹಸರೈತ್ರಿ. ಎಲಿ ಅದಾವ, ಬಾಯಿ ಮುಚ್ಚ್ಯಾವ. ನೀರು ಹೋಗೂದು ಅದ ಬಾಯಿಲೆ, ಗಾಳಿ ಒಳಗ ಬರೂದೂ ಅದ ಬಾಯಿಲೆ. ಗಾಳಿ ಇಲ್ಲದ ಅನ್ನಾ ಎಲ್ಲಿಂದ ಮಾಡಬೇಕ್ರಿ? ಮೂರು ವರ್ಷದಿಂದ ಗುಡ್ಡ ಉಂಡಿಲ್ರಿ."

ಅವರು ತುಂಡನ್ನು ಕೆಳಗಿಟ್ಟರು. ಶಾಮಕ ಒಂದಿಷ್ಟು ರಂಧ್ರ ತೆರೆದೇ ಬಿಡುತ್ತದೆ, ಅಷ್ಟರಲ್ಲಿ ಮರ ಹೊಟ್ಟೆ ಹೊರೆದುಕೊಳ್ಳುತ್ತದೆ ಎಂದು ಅವರ ಲೆಕ್ಕ ಹೇಳಿತ್ತು. ಕುಂಡದಲ್ಲಿ ಬೆಳೆಸಿದ ಸಸಿಗಳಲ್ಲಿ ಅದು ನಿಜವೂ ಆಗಿತ್ತು. ಕಲ್ಲುನೆಲದ ಮೇಲೆ ನಿಂತ ದೊಡ್ಡ ಮರದ ಹೊಟ್ಟೆ ಎಷ್ಟೆಂದು ಯಾರೂ ಅಳೆದಿರಲಿಲ್ಲ. ಮರ ಸದ್ದು ಮಾಡದಿದ್ದರೆ ಸುಖವಾಗಿದೆ ಎಂದೇ ಎಲ್ಲರೂ ತಿಳಿದಿದ್ದರು.

"ಗುಡ್ಡಕ್ಕ ಹೋಗೋಣ," ಎಂದರು.

ಮರುದಿನ ಹೋದರು. ಫಕೀರಪ್ಪ ಮುಂದೆ ಮುಂದೆ ಕಾಲೆಳೆಯುತ್ತ ದಾರಿ ತೋರಿಸಿದ. ಬಂದವರು ವಿಭಾಗದ ದೊಡ್ಡವರು, ತನ್ನ ಗುಡ್ಡವನ್ನು ನೋಡಲು ಬಂದವರು ಎಂಬ ಸಂಭ್ರಮ ಅವನಿಗೆ. "ಇಲ್ಲಿ ಬೆಂಕಿ ಬಂದಿತ್ರಿ ಸರ, ಈ ಕಮರದ ಗಿಡದ ತನಕ. ಇಲ್ಲೇ ನಿಲ್ಲಿಸಿದ್ವಿ," ಎಂದು ತೋರಿಸಿದ. ಕಟಗೇರಿ ತಲೆಯಾಡಿಸಿದರು. ದಾನೇಶ್ವರಿ ಮರದಿಂದ ಮರಕ್ಕೆ ಹೋಗಿ ಬೈರಿಗೆ ತಿರುವಿದಳು. ಗುಡ್ಡದ ಬುಡದಲ್ಲಿ, ನೆತ್ತಿಯಲ್ಲಿ, ಹಳ್ಳದ ದಂಡೆಯಲ್ಲಿ, ಎಲ್ಲಿ ತೆಗೆದರೂ ಹಳದಿಯೇ. ಕಟಗೇರಿ ಬಂಡೆಯೊಂದರ ಮೇಲೆ ಕುಳಿತು ನೀರು ಕುಡಿದರು. ಫಕೀರಪ್ಪ ಕೆಳಗೆ ಬುತ್ತಿ ತರಲು ಹೋದಾಗಲೇ ಬಾಯಿ ಬಿಟ್ಟರು.

"ಇನ್ನ ಒಂದು ಚಿಗುರಿಗೂ ಸಾಲೂದಿಲ್ಲ ಇದು. ಶಾಮಕ ಇವತ್ತ ನಿಲ್ಲಿಸಿದರ, ನೆಲದಾಗ ಇನ್ನೂ ಪಸಿ ಅದ, ಎಲಿ ಉದುರೂತನಕ ಒಂದಿಷ್ಟು ಉಣ್ತಾವ. ಕೆಲವು ಉಳೀಬಹುದು."

"ಸದ್ದು ಸುರುವಾಗತೈತ್ರಿ."

"ಆಗ್ತದ. ಮೌಲ್ಯಮಾಪನ ಮಾಘದಾಗ. ಅಂಕ ಬಿದ್ದು ಹೋಗ್ತದ. ಗುಡ್ಡ ಕೈಬಿಟ್ಟ ಪಟ್ಟಿಗೆ ಸೇರ್ತದ." ಅವರು ಬಾಟಲಿಯ ಮುಚ್ಚಳ ತಿರುವುತ್ತಲೇ ಇದ್ದರು. "ನಿಲ್ಲಿಸದಿದ್ದರ ಅಂಕ ಛಂದ ಇರ್ತದ. ಕಾವಲು ಇರ್ತದ. ಕಾಯಲಿಕ್ಕೆ ಮರ ಇರೂದಿಲ್ಲ."

"ಬ್ಯಾರೆ ಕಾಡಿಗೂ ಇದನ್ನ ಹೊಡ್ಯಾಕತ್ತಾರಲ್ರಿ ಸರ್."

"ಬರೀತೀನಿ ನಾನು ಎಲ್ಲರಿಗೂ. ಒಂದು ಗುಡ್ಡದ ಕಟಗಿ ನೋಡಿ ಯಾರ ನಿಲ್ಲಸ್ತಾರ? ಬೆಳ್ಳಕ್ಕಿಕೊಳ್ಳದ ಕಾಡಿನವರು ಅಂಕದಾಗ ರಾಜ್ಯಕ್ಕ ಮೊದಲು ಬಂದಾರ, ಅವರಂತೂ ಕೇಳೂದೇ ಇಲ್ಲ." ಅವರು ಎದ್ದರು. "ಗೂಗಿಗುಡ್ಡ ನಿಮ್ಮ ಸಂಶೋಧನಾದ ಕ್ಷೇತ್ರ. ಸಿಂಪರಣೆ ನಿಲ್ಲಸಲಿಕ್ಕೆ ನಿಮ್ಮ ಒಪ್ಪಿಗೆ ಬೇಕು. ನಾನು ಒತ್ತಾಯ ಮಾಡೂದಿಲ್ಲ. ನಿಮ್ಮ ಪದವಿ ಎಷ್ಟು ವರ್ಷ ಹಿಂದ ಹೋಗ್ತದೋ ನನಗ ಗೊತ್ತಿಲ್ಲ."

ಆ ವಾರ ಫಕೀರಪ್ಪ ಮನೆಗೆ ಬಂದಾಗ ಊಟಕ್ಕೆ ಕೂತಲ್ಲೇ ಅವಳು ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿದ ಕೈಯನ್ನು ಹಾಗೇ ಹಿಡಿದು ಕೇಳಿದ.

"ಅಂದ್ರ ಕಾವಲು ತಗೀತಾರ."

"ತಗೀತಾರ."

"ನನ್ನ ಕೆಲಸಾನೂ."

"ಹೂಂ ರೀ."

"ಒಂದ ವರ್ಷ ತಡದ ಹೇಳಿದ್ರ ಆಗೂದಿಲ್ಲೇನು? ಅಷ್ಟರಾಗ ನೀ ಓದೂದೂ ಮುಗೀತೈತಿ."

"ಒಂದ ವರ್ಷಕ್ಕ ಅಲ್ಲಿ ಬರೇ ಕಟಗಿ ನಿಂತಿರತೈತಿ."

ಅವನು ತಾಟು ತೊಳೆದಿಟ್ಟು ಹೊರಗೆ ಹೋದ. ಬಸಲಿಂಗವ್ವ ಸೊಸೆಯ ಮುಖ ನೋಡುತ್ತ ಕುಳಿತಿದ್ದಳು.

"ಅಂವಾ ಆ ಗುಡ್ಡದಾಗ ಕಾಲ ಸುಟಗೊಂಡಾನವ್ವಾ," ಎಂದಳು. "ಅದನ್ನ ಬಿಡಸಾಕ ನಿನ್ನ ಕೈನ ಬೇಕಾತೇನು?"

"ನನ್ನ ಕೈಯಾಗ ಬಂದೈತಿ ಅತ್ತಿ. ನಾ ಏನ್ ಮಾಡ್ಲಿ?"

"ನಾ ಏನ್ ಹೇಳ್ಲಿ? ಓದಿದಾಕಿ ನೀನು." ಮುದುಕಿಯ ದನಿಯಲ್ಲಿ ಕುಹಕವಿರಲಿಲ್ಲ. ಅದೇ ದಾನೇಶ್ವರಿಗೆ ಹೆಚ್ಚು ಭಾರವಾಯಿತು.

ಸೋಮವಾರ ಅವಳು ಒಪ್ಪಿಗೆ ಕೊಟ್ಟಳು. ಡ್ರೋನುಗಳು ಗೂಗಿಗುಡ್ಡಕ್ಕೆ ಹಾರಲಿಲ್ಲ.

ವಾರ ಕಳೆಯುವುದರೊಳಗೆ ಆಲಿಕೆ ಕೋಣೆಯಲ್ಲಿ ಮೊದಲ ಸದ್ದು ಬಿತ್ತು. ಒಂದು ಚಿಟ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಎಲೆಗಳ ಬಾಯಿ ತೆರೆದಿತ್ತು. ಮರ ಉಣ್ಣುತ್ತಿತ್ತು, ಜತೆಗೆ ನೀರೂ ಹೋಗುತ್ತಿತ್ತು. ಪಸೆ ಆರುತ್ತ ಬಂದಂತೆ ಸದ್ದು ದಟ್ಟವಾಯಿತು. ಚಳಿಗಾಲದ ನಡುವಿಗೆ ಬರುವ ಹೊತ್ತಿಗೆ ಸ್ಪೀಕರು ಬಾಣಲೆಯಂತೆ ಸಿಡಿಯುತ್ತಿತ್ತು. ಪಕ್ಕದ ಪರದೆಗಳ ಮುಂದೆ ಕೂರುವವರು ಕಿವಿಗೆ ಹತ್ತಿ ಇಟ್ಟುಕೊಂಡರು. ಒಬ್ಬಾಕೆ ತನ್ನ ಕುರ್ಚಿಯನ್ನೇ ಆಚೆ ಕೋಣೆಗೆ ಒಯ್ದಳು. "ಸ್ವಲ್ಪ ಕಡಿಮಿ ಮಾಡ್ರಿ ಮೇಡಂ," ಎಂದು ಎಲ್ಲರೂ ಹೇಳುವವರೇ. ದಾನೇಶ್ವರಿ ಕಡಿಮೆ ಮಾಡಿದಳು. ಪೂರ್ತಿ ಆರಿಸಲು ಮನಸ್ಸಾಗಲಿಲ್ಲ. ತಾನು ಬಾಯಿ ಬಿಡಿಸಿದ ಮರಗಳು. ಕೇಳುವಷ್ಟಾದರೂ ತಾನು ಕೇಳಬೇಕು ಎನಿಸಿತ್ತು.

ಮಾಘದಲ್ಲಿ ಮೌಲ್ಯಮಾಪನ ಸಮಿತಿಯ ಅಧಿಕಾರಿ ಬಂದರು. ಕೆಟ್ಟ ಮನುಷ್ಯರಲ್ಲ. ಅಯೋಡಿನ್ನಿನ ತುಂಡುಗಳನ್ನು ತಾಳ್ಮೆಯಿಂದ ನೋಡಿದರು, ಕಟಗೇರಿಯವರ ವಿವರಣೆಯನ್ನು ಕೊನೆಯವರೆಗೂ ಕೇಳಿದರು.

"ನೀವು ಹೇಳೋದು ಇರಬಹುದು ಸರ್. ಆದರೆ ನಿಯಮದಲ್ಲಿ ಇರೋದು ಸದ್ದು. ಪಿಷ್ಟ ಅಂತ ಎಲ್ಲೂ ಇಲ್ಲ," ಎಂದರು. "ಇಂಥ ಸದ್ದು ಇಟ್ಟುಕೊಂಡು ನಾನು ಏನಂತ ಬರೀಲಿ?"

ಗೂಗಿಗುಡ್ಡ ಕೈಬಿಟ್ಟ ಪಟ್ಟಿಗೆ ಸೇರಿತು. ಕಾವಲು ಗೋಪುರದ ಏಣಿಯನ್ನೂ ಬಿಚ್ಚಿ ಒಯ್ದರು. ಫಕೀರಪ್ಪ ಊರಾಚೆಯ ಹತ್ತಿ ಜಿನ್ನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ದಿನಾ ಮನೆಗೆ ಬರುತ್ತಿದ್ದ. ಮೊದಲು ವಾರಕ್ಕೊಮ್ಮೆ ಬಂದಾಗ ಆಡುತ್ತಿದ್ದಷ್ಟು ಮಾತನ್ನೂ ಈಗ ಆಡುತ್ತಿರಲಿಲ್ಲ. ದಾನೇಶ್ವರಿಯ ಪ್ರಬಂಧವನ್ನು ವಿಶ್ವವಿದ್ಯಾಲಯ ತಡೆಹಿಡಿಯಿತು. ಕ್ಷೇತ್ರವೇ ಪಟ್ಟಿಯಲ್ಲಿಲ್ಲದ ಮೇಲೆ ನಿರ್ವಹಣೆಯ ಅಧ್ಯಯನ ಯಾವುದರದು ಎಂದು ಕೇಳಿತು. ಬೆಳಿಗ್ಗೆ ಎದ್ದು ಬಸ್ಸು ಹಿಡಿಯುವುದಂತೂ ತಪ್ಪಲಿಲ್ಲ.

ಬೇಸಿಗೆ ಕಾಲಿಟ್ಟ ಮೇಲೆ ಒಂದು ರವಿವಾರ ಗಂಡ ಮನೆಯಲ್ಲಿ ಕಾಣಲಿಲ್ಲ.

"ಎಲ್ಲಿ ಹೋಗ್ಯಾರ ಅತ್ತಿ?"

"ಎಲ್ಲಿ ಹೋಗ್ತಾನ? ಗುಡ್ಡಕ್ಕ ಹೋಗ್ಯಾನ," ಎಂದಳು ಬಸಲಿಂಗವ್ವ ಜೋಳ ಹಸನು ಮಾಡುತ್ತ. "ಸೂಟಿ ಇದ್ದಾಗೆಲ್ಲಾ ಹೋಗ್ತಾನ. ನಿನಗ ಹೇಳಬ್ಯಾಡ ಅಂದಿದ್ದ. ನನಗ ಹೊಟ್ಟ್ಯಾಗ ಇಟಗೊಂಡ ಸಾಕಾತು."

ಅವಳು ಹೋದಾಗ ಅವನು ಪಡುವಣದ ಇಳಿಜಾರಿನಲ್ಲಿ ಬೆಂಕಿ ರೇಖೆ ತೆಗೆಯುತ್ತಿದ್ದ. ಮರಗಳೆಲ್ಲ ಎಲೆಯುದುರಿ ಬೋಳಾಗಿದ್ದವು. ಹುಲ್ಲು, ತರಗೆಲೆ ಕೆರೆದು ಕೆಂಪು ನೆಲ ಕಾಣುವಂತೆ ಅಗಲವಾದ ಪಟ್ಟಿಯೊಂದು ಗುಡ್ಡದ ಸೊಂಟದ ಸುತ್ತ ಅರ್ಧಕ್ಕೂ ಹೆಚ್ಚು ಬಂದಿತ್ತು. ಅವಳನ್ನು ಕಂಡು ಕೈಕುಂಟೆ ಊರಿ ನಿಂತ.

"ಯಾರ್ ಹೇಳಿದ್ರು?"

"ಯಾರ್ ಹೇಳ್ತಾರ್ರಿ? ಅತ್ತಿ."

"ಸರಕಾರ ಬಿಟ್ರ ಬೆಂಕಿ ಬಿಡತೈತೇನು?" ಎಂದವನು, ಮರಗಳತ್ತ ತಿರುಗಿ, "ಉಳೀತಾವೇನು ಇವು?" ಎಂದು ಕೇಳಿದ.

"ಗೊತ್ತಿಲ್ರಿ. ಎಲ್ಲಾ ಉಳ್ಯಾಂಗಿಲ್ಲ."

ಅವನು ಗಿಡದ ಬುಡದಲ್ಲಿದ್ದ ಇನ್ನೊಂದು ಕುಂಟೆಯನ್ನು ಗದ್ದದಿಂದ ತೋರಿಸಿದ. ಅವಳು ಸೆರಗು ಸಿಕ್ಕಿಸಿ ಎತ್ತಿಕೊಂಡಳು. ಇಬ್ಬರೂ ಹೊತ್ತು ಇಳಿಯುವ ತನಕ ಕೆರೆದರು. ಅದಾದ ಮೇಲಿನ ರವಿವಾರಗಳಲ್ಲಿ ಜತೆಯಾಗಿಯೇ ಹೋದರು. ಒಮ್ಮೆ ತೆಂಕಣ ಹೊಲಗಳಿಂದ ಬೆಂಕಿ ಹತ್ತಿ ಬಂದು ಒಂದು ಬದಿಯನ್ನು ತಿಂದಿತು. ರೇಖೆಯ ತನಕ ಬಂದು ನಿಂತಿತು.

ಯುಗಾದಿ ಕಳೆದು ಒಂದೆರಡು ಅಡ್ಡಮಳೆ ಬಿದ್ದವು. ಗೂಗಿಗುಡ್ಡದಲ್ಲಿ ಮೂರರಲ್ಲೊಂದು ಪಾಲು ಮರ ಎಚ್ಚರಾಗಲೇ ಇಲ್ಲ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಕಂದು, ಒಣಗಿದ ಕಟ್ಟಿಗೆ. ಉಳಿದವುಗಳ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಸಣ್ಣಗೆ, ಜಿಪುಣತನದಿಂದ ಬಂದಂತೆ ಬಂತು.

ಬೆಳ್ಳಕ್ಕಿಕೊಳ್ಳದಲ್ಲಿ ಚಿಗುರು ಬರಲಿಲ್ಲ. ರಾಜ್ಯದಲ್ಲೇ ಹೆಚ್ಚು ಅಂಕದ ಕಾಡು ಅದು. ಕಾವಲು, ಟ್ಯಾಂಕರು ಎಲ್ಲ ಇತ್ತು. ಎಲೆ ಉದುರಿಸಿ ನಿಂತದ್ದು ಹಾಗೇ ನಿಂತಿತ್ತು. ಆಲಿಕೆ ಕೋಣೆಯಲ್ಲಿ ಅದರ ಪರದೆ ಎಂದಿನಂತೆ ಹಸಿರು ಬಣ್ಣದಲ್ಲಿತ್ತು, ಸದ್ದು ಸೊನ್ನೆ. ಸತ್ತ ಮರದೊಳಗೆ ತುಂಡಾಗಲು ನೀರಿನ ಎಳೆಯೇ ಇರುವುದಿಲ್ಲವಲ್ಲ. ಯಾವ ಎಚ್ಚರಿಕೆಯೂ ಮೊಳಗದೆ ಇಡೀ ಕಾಡು ಹೋಗಿತ್ತು. ಸುದ್ದಿ ಬಂದ ಮಧ್ಯಾಹ್ನ ಕಟಗೇರಿಯವರು ಆ ಪರದೆಯ ಮುಂದೆ ಕೈಕಟ್ಟಿ ನಿಂತರು. ದಾನೇಶ್ವರಿ ಕುರ್ಚಿ ಸರಿಸಿದರೂ ಕೂರಲಿಲ್ಲ.

"ನೀವು ಹೇಳಿದ್ದು ಖರೆ ಆತು," ಎಂದರು.

"ಆಗಬಾರದಿತ್ರಿ ಸರ್."

"ಹೌದು. ಆಗಬಾರದಿತ್ತು."

ಶಾಮಕವನ್ನು ಎಲ್ಲ ಕಡೆ ನಿಲ್ಲಿಸಿದರು. ಗೂಗಿಗುಡ್ಡ ಪಟ್ಟಿಗೆ ಮರಳಿತು. ಸಮಿತಿಯ ಅಧಿಕಾರಿ ಮತ್ತೆ ಬಂದು, ಈ ಸಲ ಪಿಷ್ಟವನ್ನೂ ನಿಯಮಕ್ಕೆ ಸೇರಿಸುತ್ತಿದ್ದೇವೆ ಎಂದರು, ದಾನೇಶ್ವರಿಯನ್ನು ಹೊಗಳಿದರು. ಪದವಿಯ ದಾರಿ ತೆರೆಯಿತು. ಅವಳಿಗೆ ಸಂತೋಷವಾಗಬೇಕಿತ್ತು. ಅಧಿಕಾರಿ ಕೊನೆಗೆ ಕೇಳಿದ ಪ್ರಶ್ನೆ ಅದಕ್ಕೆ ಎಡೆ ಕೊಡಲಿಲ್ಲ.

"ಹಾಗಾದರೆ ಇನ್ನು ಏನು ಮಾಡಬೇಕು ಮೇಡಂ? ಮದ್ದಿಲ್ಲದೆ ಉಳಿಸೋದು ಹೇಗೆ?"

ಉತ್ತರ ಅವಳಿಗೆ ಗೊತ್ತಿತ್ತು. ಚಳಿಗಾಲವೆಲ್ಲ ಆ ಸದ್ದಿನ ಮುಂದೆ ಕುಳಿತು ಅವಳು ಮಾಡಿದ ಲೆಕ್ಕ ಅದೊಂದೇ. ಈಗಿನ ಮಳೆಗೆ ಗೂಗಿಗುಡ್ಡದ ನೆಲ ಇಷ್ಟು ಮರಗಳಿಗೆ ನೀರು ಕೊಡಲಾರದು. ಹಿಂದಿನ ಮಳೆಗೆ ಬೆಳೆದ ಕಾಡು ಅದು. ಬಾಯಿ ಮುಚ್ಚಿಸಿದರೆ ಹಸಿವಿನಿಂದ ಸಾಯುತ್ತವೆ, ತೆರೆದರೆ ಬಾಯಾರಿ ಸಾಯುತ್ತವೆ. ಕೆಲವನ್ನು ತೆಗೆದರೆ ಉಳಿದವಕ್ಕೆ ಎರಡೂ ಸಿಗಬಹುದು.

"ಕಡೀಬೇಕು ಸರ್," ಎಂದಳು. "ಜೀವ ಇದ್ದವನ್ನೂ."

ಮೊದಲ ಮಳೆಗೆ ಮುಂಚೆ ಗುರುತು ಹಾಕುವ ಕೆಲಸ ಶುರುವಾಯಿತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸುವ ಕೆಲಸವನ್ನು ಇಲಾಖೆ ಅವಳಿಗೇ ಒಪ್ಪಿಸಿತು. ಮತ್ತೆ ಕಾವಲಿಗೆ ಸೇರಿದ್ದ ಫಕೀರಪ್ಪ ಬಿಳಿ ಬಣ್ಣದ ಡಬ್ಬಿ ಹಿಡಿದು ಜತೆಗೆ ನಡೆದ. ಸತ್ತವನ್ನು ಬೇಗ ಬೇಗ ಮುಗಿಸಿದರು. ಹಳ್ಳದ ದಂಡೆಯ ಮೇಲೆ ಎರಡು ದಿಂಡಿಗಗಳು ತೋಳಿಗೆ ತೋಳು ತಾಗಿಸಿ ನಿಂತಿದ್ದಲ್ಲಿ ಅವಳು ತಡೆದಳು. ಎರಡನ್ನೂ ಸುತ್ತು ಹಾಕಿ ನೋಡಿದಳು, ತೊಗಟೆಯ ಮೇಲೆ ಕೈಯಾಡಿಸಿದಳು. ಆಮೇಲೆ ಎಡಗಡೆಯದರತ್ತ ಬೆರಳು ಮಾಡಿದಳು.

ಫಕೀರಪ್ಪ ತಲೆಯೆತ್ತಿ ಕೊಂಬೆಗಳನ್ನು ನೋಡಿದ. "ಇದು ಚಿಗುರೇತಲ್ಲ ದಾನೂ."

"ಚಿಗುರೇತಿ."

"ಮತ್ತ?"

"ಬಾಜೂಕಿಂದೂ ಚಿಗುರೇತ್ರಿ. ಎರಡಕ್ಕೂ ನೀರಿಲ್ಲ."

ಅವನು ಬ್ರಶ್ಶನ್ನು ಡಬ್ಬಿಯಲ್ಲಿ ಅದ್ದಿದ, ಆದರೆ ಕೈ ಮುಂದೆ ಹೋಗಲಿಲ್ಲ. ಅವಳು ಅವನ ಕೈಯಿಂದ ಬ್ರಶ್ಶು ತೆಗೆದುಕೊಂಡು, ಎದೆಯೆತ್ತರಕ್ಕೆ ಕಾಂಡದ ಸುತ್ತ ಬಳೆಯಂತೆ ಗೆರೆ ಎಳೆದಳು. ತೊಗಟೆಯ ಸುಕ್ಕುಗಳಲ್ಲಿ ಬಣ್ಣ ಇಳಿಯದೆ ಅಲ್ಲಲ್ಲಿ ಬಿಟ್ಟುಹೋಯಿತು. ಮತ್ತೆ ಅದ್ದಿ ಅಲ್ಲಿಗೂ ತುಂಬಿದಳು. ಕಡಿಯುವವರಿಗೆ ಅನುಮಾನ ಉಳಿಯಬಾರದು.

"ಮುಂದ ನಡೀರಿ," ಎಂದಳು.